ಬೆಣೆ ಕಿತ್ತ ಕೋತಿ ಮತ್ತು ನಮ್ಮ ಟೇಬಲ್ ಸಾ

ಪಂಚತಂತ್ರದ ಆ ಕೋತಿ ಕಥೆ ಎಲ್ಲರಿಗೂ ಗೊತ್ತು. ಬಡಗಿಗಳು ದೊಡ್ಡ ದಿಮ್ಮಿಯೊಂದನ್ನು ಅರ್ಧ ಕೊಯ್ದು, ಸೀಳು ಮುಚ್ಚಿಕೊಳ್ಳದಿರಲಿ ಅಂತ ನಡುವೆ ಬೆಣೆ ಬಡಿದು ಊಟಕ್ಕೆ ಹೋಗಿರುತ್ತಾರೆ. ಒಂದು ಕೋತಿ ಬಂದು ದಿಮ್ಮಿಯ ಮೇಲೆ ಕೂತು, ಸುಮ್ಮನಿರಲಾರದೆ ಬೆಣೆಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತುಬಿಡತ್ತೆ. ಸೀಳು ಟಪ್ ಅಂತ ಮುಚ್ಚಿಕೊಳ್ಳತ್ತೆ. ಮುಂದಿನದು ನಿಮಗೇ ಗೊತ್ತು. ತನಗೆ ಸಂಬಂಧಿಸದ ಕೆಲಸಕ್ಕೆ ಕೈ ಹಾಕಬಾರದು ಅನ್ನೋದು ಇದರ ನೀತಿ ಅಂತ ಶಾಲೆಯಲ್ಲಿ ಓದಿದ್ದೇವೆ. ವರ್ಕ್‌ಶಾಪ್‌ನಲ್ಲಿ ನಾಲ್ಕು ದಿನ ಕಳೆದ ಮೇಲೆ ಮಾತ್ರ ನಮ್ಮ ಗಮನ ಕೋತಿಯನ್ನು ಬಿಟ್ಟು ಬೆಣೆಯ ಕಡೆ ಹೋಯಿತು. ಕೊಯ್ದ ಮರ ಮತ್ತೆ ಮುಚ್ಚಿಕೊಳ್ಳಲು ನೋಡತ್ತೆ, ಅದನ್ನು ತಡೆಯಲು ನಡುವೆ ಏನಾದರೂ ಇರಬೇಕು ಅನ್ನೋದು ಆ ಕಥೆ ಹುಟ್ಟಿದ ಕಾಲಕ್ಕೇ ಬಡಗಿಗಳಿಗೆ ಗೊತ್ತಿತ್ತು.

ಟೇಬಲ್ ಸಾ ಅನ್ನೋ ಮಿಷನ್‌ನಲ್ಲಿ ಅದೇ ಬೆಣೆ ಇದೆ. ಬ್ಲೇಡಿನ ಬೆನ್ನಿಗೆ ನಿಂತಿರುವ, ಅರ್ಧಚಂದ್ರದ ಹಾಗೆ ಬಾಗಿದ ತೆಳು ಉಕ್ಕಿನ ಪಟ್ಟಿ ಅದು. ಹೆಸರು ರೈವಿಂಗ್ ನೈಫ್. ನೈಫ್ ಅಂದರೂ ಅದಕ್ಕೆ ಹರಿತ ಇಲ್ಲ, ಅದು ಏನನ್ನೂ ಕತ್ತರಿಸಲ್ಲ. ರಾಜ್ಯೋತ್ಸವದ ಸ್ಟೇಜಿಗೆ ಪ್ಲೈವುಡ್ ಕೊಯ್ಯುವವರು, ಪ್ರಾಜೆಕ್ಟಿಗೆ ಮರದ ಫ್ರೇಮ್ ಮಾಡುವವರು, ಮುಂದೆ ಮನೆಯಲ್ಲೇ ಸಣ್ಣ ಮರಗೆಲಸದ ಶೆಡ್ ಹಾಕಬೇಕು ಅಂದುಕೊಂಡಿರುವವರು ಎಲ್ಲರೂ ಇದನ್ನು ಒಂದು ಸಲ ಸರಿಯಾಗಿ ತಿಳಿದುಕೊಂಡರೆ ಒಳ್ಳೇದು. ಇದರ ಅಲೈನ್‌ಮೆಂಟ್ ಸರಿ ಮಾಡೋದು ಹೇಗೆ, ಯಾವ ಅಳತೆ ಎಷ್ಟಿರಬೇಕು, ಅಷ್ಟೇ ಯಾಕೆ ಇರಬೇಕು ಅನ್ನೋದನ್ನು ಈ ಲೇಖನದಲ್ಲಿ ನೋಡೋಣ. ಬೇಕಾಗಿರೋದು ಒಂದು ವರ್ನಿಯರ್ ಕ್ಯಾಲಿಪರ್, ಫಸ್ಟ್ ಇಯರ್ ಮೆಕ್ಯಾನಿಕ್ಸ್ ಮತ್ತು ಸ್ವಲ್ಪ ತಾಳ್ಮೆ.

ಹಿಂದಿನ ಹಲ್ಲು ಮಾಡುವ ಕಿತಾಪತಿ

ಟೇಬಲ್ ಸಾ ಅಂದರೆ ಕೆಳಗೆ ಮೋಟಾರು, ಮೇಲೆ ಸಮತಟ್ಟಾದ ಕಬ್ಬಿಣದ ಅಥವಾ ಅಲ್ಯೂಮಿನಿಯಂ ಟೇಬಲ್, ಅದರ ಗಂಡಿಯಿಂದ ಇಣುಕುವ ದುಂಡು ಬ್ಲೇಡು. ಪಕ್ಕದಲ್ಲಿ ಫೆನ್ಸ್ ಅನ್ನೋ ನೇರ ಗೋಡೆ. ಮರವನ್ನು ಫೆನ್ಸಿಗೆ ಒತ್ತಿಕೊಂಡು ಬ್ಲೇಡಿನ ಕಡೆ ನೂಕುತ್ತೇವೆ. ಬ್ಲೇಡಿನ ತುದಿ ನಮ್ಮ ಕಡೆಗೆ ತಿರುಗುತ್ತಾ ಇರತ್ತೆ.

ಲೆಕ್ಕ ಹಾಕೋಣ. 10 ಇಂಚಿನ, ಅಂದರೆ 254 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 53 ಮೀಟರ್. ಗಂಟೆಗೆ 190 ಕಿಲೋಮೀಟರ್ ಆಯಿತು.

ಈಗ ಬ್ಲೇಡು ಟೇಬಲ್‌ನಿಂದ 25 ಮಿ.ಮೀ. ಮೇಲೆ ಬಂದಿದೆ ಅಂದುಕೊಳ್ಳಿ. ತ್ರಿಜ್ಯ 127. ಬ್ಲೇಡಿನ ಕೇಂದ್ರ ಟೇಬಲ್‌ಗಿಂತ 102 ಮಿ.ಮೀ. ಕೆಳಗಿದೆ. ಪೈಥಾಗೊರಸ್ ಹಾಕಿದರೆ ಹಲ್ಲು ಟೇಬಲ್ ಮಟ್ಟ ದಾಟುವ ಜಾಗ ಕೇಂದ್ರದಿಂದ ಮುಂದಕ್ಕೆ ಒಂದು, ಹಿಂದಕ್ಕೆ ಒಂದು, ತಲಾ ಸುಮಾರು 76 ಮಿ.ಮೀ. ದೂರದಲ್ಲಿ ಬರತ್ತೆ. ಮುಂದಿನ ಜಾಗದಲ್ಲಿ ಹಲ್ಲು ಕೆಳಗೆ ಇಳಿಯುತ್ತಿರತ್ತೆ, ಮರವನ್ನು ಟೇಬಲ್‌ಗೆ ಒತ್ತುತ್ತಾ ಕೊಯ್ಯತ್ತೆ. ಇದು ನಮಗೆ ಬೇಕಾದದ್ದೇ. ಹಿಂದಿನ ಜಾಗದಲ್ಲಿ ಅದೇ ಹಲ್ಲು ಟೇಬಲ್ ಒಳಗಿಂದ ಮೇಲೆ ಏಳುತ್ತಿರತ್ತೆ. ಅಲ್ಲಿ ಅದರ ವೇಗವನ್ನು ಎರಡು ಭಾಗ ಮಾಡಿ ನೋಡಿ: 127ಕ್ಕೆ 76, ಅಂದರೆ ಸುಮಾರು ಶೇ. 60 ಮೇಲ್ಮುಖ, 127ಕ್ಕೆ 102, ಅಂದರೆ ಸುಮಾರು ಶೇ. 80 ನೇರ ನಮ್ಮ ಕಡೆಗೆ. ನಮ್ಮ ಹಳೇ 3-4-5 ತ್ರಿಕೋನವೇ ಇಲ್ಲಿ ಕೂತಿದೆ.

ಕೊಯ್ದು ಮುಗಿದ ಮರ ಈ ಹಿಂದಿನ ಹಲ್ಲನ್ನು ಮುಟ್ಟದೆ ಹಾದುಹೋದರೆ ತೊಂದರೆಯಿಲ್ಲ. ಮುಟ್ಟಿತೋ, ಹಲ್ಲು ಅದನ್ನು ಮೊದಲು ಎತ್ತತ್ತೆ, ಆಮೇಲೆ ನಮ್ಮ ಮೇಲೆ ಎಸೆಯತ್ತೆ. ಇದಕ್ಕೇ ಕಿಕ್‌ಬ್ಯಾಕ್ ಅನ್ನೋದು. ಒಂದು ಕೆ.ಜಿ. ತೂಕದ ಹಲಗೆಗೆ ಹಲ್ಲಿನ ವೇಗದ ಅರ್ಧ ಸಿಕ್ಕಿತು ಅಂದರೂ ಅದರ ಚಲನಶಕ್ತಿ 350 ಜೂಲ್ ದಾಟತ್ತೆ. ಗಂಟೆಗೆ 144 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಲ್ಲಿ ಇರೋದು ಸುಮಾರು 130 ಜೂಲ್. ಆ ಹಲಗೆ ಒಂದು ಮೀಟರ್ ದೂರ ಬರಲು 40 ಮಿಲಿಸೆಕೆಂಡ್ ಕೂಡ ಬೇಡ. ಕಣ್ಣು ನೋಡಿ ಕೈ ಅಲ್ಲಾಡಲು ನಮಗೆ 200 ಮಿಲಿಸೆಕೆಂಡ್ ಬೇಕು. ಹಾಗಾಗಿ ಹುಷಾರಾಗಿದ್ದರೆ ತಪ್ಪಿಸಿಕೊಳ್ಳಬಹುದು ಅನ್ನೋ ಮಾತಿಗೆ ಇಲ್ಲಿ ಬೆಲೆಯಿಲ್ಲ. ಇನ್ನೂ ಭಯದ ವಿಷಯ ಅಂದರೆ, ಮರ ಹಾರಿಹೋದಾಗ ಅದನ್ನು ಹಿಡಿದಿದ್ದ ಕೈಗೆ ಆಧಾರ ತಪ್ಪತ್ತೆ. ಆ ಕೈ ಬ್ಲೇಡಿನ ಕಡೆಗೇ ಜಾರಬಹುದು.

ಮರ ಯಾಕೆ ಹಲ್ಲನ್ನು ಮುಟ್ಟತ್ತೆ?

ಎರಡು ಕಾರಣ. ಮೊದಲನೇದು ಮರದೊಳಗಿನ ಒತ್ತಡ. ಮರ ಬೆಳೆಯುವಾಗಲೇ ಕಾಂಡದ ಹೊರಭಾಗಕ್ಕೂ ಒಳಭಾಗಕ್ಕೂ ಎಳೆದಾಟ ಇರತ್ತೆ. ಒಣಗಿಸುವಾಗ ಹೊರಗೆ ಬೇಗ, ಒಳಗೆ ನಿಧಾನ ಒಣಗಿ ಮತ್ತಷ್ಟು ಒತ್ತಡ ಸೇರತ್ತೆ. ಕೋಲಾರದ ಕಡೆ ಸಾಲುಸಾಲಾಗಿ ಕಾಣುವ ನೀಲಗಿರಿ ಮರ ಈ ವಿಷಯದಲ್ಲಿ ಕುಖ್ಯಾತ. ಕೊಯ್ದ ಕೂಡಲೇ ಎರಡು ಹೋಳೂ ಬಿಲ್ಲಿನ ಹಾಗೆ ಬಾಗಬಹುದು. ಹೊರಕ್ಕೆ ಬಾಗಿದರೆ ಸೀಳು ಅಗಲವಾಗತ್ತೆ, ಒಳಕ್ಕೆ ಬಾಗಿದರೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಚಿಮಟದ ಹಾಗೆ ಹಿಡಿಯತ್ತೆ. ಕೋತಿ ಕಥೆಯಲ್ಲಿ ಆಗಿದ್ದು ಇದೇ.

ಎರಡನೇದು ಮರ ಫೆನ್ಸ್ ಬಿಟ್ಟು ಸರಿಯೋದು. ಪ್ಲೈವುಡ್, ಎಂಡಿಎಫ್‌ಗೆ ಮೊದಲನೇ ಸಮಸ್ಯೆ ಅಷ್ಟಾಗಿ ಇಲ್ಲ. ಆದರೆ ಅಗಲವಾದ ಶೀಟ್ ನೂಕುವಾಗ ಹಿಂದಿನ ತುದಿ ಚೂರು ತಿರುಗಿದರೂ ಸಾಕು, ಅದರ ಅಂಚು ಹಿಂದಿನ ಹಲ್ಲಿಗೆ ಸಿಕ್ಕಿಕೊಳ್ಳತ್ತೆ. ಪ್ಲೈವುಡ್ ತಾನೇ ಅಂತ ಬೆಣೆ ತೆಗೆದು ಕೊಯ್ಯೋದು ಇದಕ್ಕೇ ಅಪಾಯ.

ರೈವಿಂಗ್ ನೈಫ್ ಎರಡಕ್ಕೂ ಉತ್ತರ. ಅದು ಸೀಳಿನೊಳಗೆ ನಿಂತಿರತ್ತೆ. ಸೀಳು ಮುಚ್ಚಿಕೊಳ್ಳಲು ಬಂದರೆ ನಡುವೆ ಅಡ್ಡ ಇರತ್ತೆ, ಮರ ಪಕ್ಕಕ್ಕೆ ತಿರುಗಲು ಹೊರಟರೆ ತಡೆಯತ್ತೆ.

ಹಳೇ ಮಿಷನ್‌ಗಳಲ್ಲಿ ಇದರ ಬದಲು ಸ್ಪ್ಲಿಟರ್ ಇರುತ್ತಿತ್ತು. ಅದು ಬ್ಲೇಡಿನ ಜೊತೆ ಮೇಲೆ ಕೆಳಗೆ ಹೋಗುತ್ತಿರಲಿಲ್ಲ. ಬ್ಲೇಡು ತಗ್ಗಿಸಿದಾಗ ಅದಕ್ಕೂ ಬ್ಲೇಡಿಗೂ ಅಂತರ ಜಾಸ್ತಿಯಾಗುತ್ತಿತ್ತು. ಅದು ಬ್ಲೇಡಿಗಿಂತ ಎತ್ತರ ಇದ್ದಿದ್ದರಿಂದ ಮರದಲ್ಲಿ ಗಾಡಿ ತೆಗೆಯಬೇಕಾದಾಗ, ಅಂದರೆ ಪೂರ್ತಿ ಕೊಯ್ಯದೆ ಅರ್ಧ ಆಳಕ್ಕೆ ಮಾತ್ರ ಕಾಲುವೆ ಹಾಗೆ ಕೊಯ್ಯಬೇಕಾದಾಗ, ಬಿಚ್ಚಿಡಲೇಬೇಕಿತ್ತು. ಬಿಚ್ಚಿಟ್ಟಿದ್ದು ಮತ್ತೆ ಹಾಕುವವರು ಕಡಿಮೆ. ರೈವಿಂಗ್ ನೈಫ್ ಬ್ಲೇಡಿನ ಜೊತೆಗೇ ಏರತ್ತೆ, ಇಳಿಯತ್ತೆ, ವಾಲತ್ತೆ. ತುದಿ ಬ್ಲೇಡಿನ ತುದಿಗಿಂತ ಒಂದೆರಡು ಮಿ.ಮೀ. ಕೆಳಗಿರತ್ತೆ. ಗಾಡಿ ತೆಗೆಯಲೂ ಬಿಚ್ಚಬೇಕಾಗಿಲ್ಲ.

ಹಾಗಿದ್ದೂ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ರೈವಿಂಗ್ ನೈಫ್ ಡ್ರಾಯರ್‌ನಲ್ಲಿ ಬಿದ್ದಿರತ್ತೆ. ಕೇಳಿದರೆ ಬರುವ ಉತ್ತರ ಒಂದೇ: "ಮರ ಸಿಕ್ಕಿಹಾಕ್ಕೊಳತ್ತೆ, ಅದಕ್ಕೇ ತೆಗೆದಿದ್ದೀವಿ." ಈ ದೂರು ಸುಳ್ಳಲ್ಲ. ಅಲೈನ್‌ಮೆಂಟ್ ತಪ್ಪಿದ ನೈಫ್‌ಗೆ ಮರ ಖಂಡಿತ ಸಿಕ್ಕಿಹಾಕಿಕೊಳ್ಳತ್ತೆ. ಆದರೆ ಅದಕ್ಕೆ ಮದ್ದು ಅಲೆನ್ ಕೀ ಹಿಡಿದು ಹತ್ತು ನಿಮಿಷ ಕೂರೋದೇ ಹೊರತು ಬಿಚ್ಚಿಡೋದಲ್ಲ. ಕೆಲಸಕ್ಕೆ ಅಡ್ಡ ಬರುವ ಯಾವ ಸುರಕ್ಷಾ ಸಾಧನವೂ ಮಿಷನ್ ಮೇಲೆ ಬಹಳ ದಿನ ಉಳಿಯಲ್ಲ. ನಾವು ಅಲೈನ್‌ಮೆಂಟ್ ಬಗ್ಗೆ ಇಷ್ಟು ಹೇಳೋದು ಇದಕ್ಕೇ.

ಮೊದಲು ಮೂರು ದಪ್ಪ ಅಳೆಯಿರಿ

ಕೆಲಸ ಶುರು ಮಾಡುವ ಮುಂಚೆ ಪ್ಲಗ್ ಕಿತ್ತು, ಎಲ್ಲರಿಗೂ ಕಾಣುವ ಹಾಗೆ ಟೇಬಲ್ ಮೇಲಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್‌ಗೆ ಹೇಳದೆ ಕೈ ಹಾಕಲೇಬೇಡಿ. ಕೋತಿ ಕಥೆಯ ಹಳೇ ನೀತಿ ಇಲ್ಲಿಗೂ ಸಲ್ಲತ್ತೆ.

ವರ್ನಿಯರ್‌ನಲ್ಲಿ ಮೂರು ಅಳತೆ ಬೇಕು:

1. ಬ್ಲೇಡಿನ ತಟ್ಟೆಯ ದಪ್ಪ. ಹಲ್ಲಿನ ಜಾಗ ಬಿಟ್ಟು, ಒಳಗಿನ ಚಪ್ಪಟೆ ಭಾಗದಲ್ಲಿ ಅಳೆಯಬೇಕು.
2. ಸೀಳಿನ ಅಗಲ. ಕಾರ್ಬೈಡ್ ಹಲ್ಲು ತಟ್ಟೆಗಿಂತ ದಪ್ಪ ಇರೋದರಿಂದ ಸೀಳು ತಟ್ಟೆಗಿಂತ ಅಗಲ ಬರತ್ತೆ. ಇಂಗ್ಲಿಷಿನವರು ಇದಕ್ಕೆ ಕೆರ್ಫ್ ಅಂತಾರೆ, ನಾವು ಸೀಳು ಅಂತಲೇ ಕರೆಯೋಣ. ಹಲ್ಲಿನ ಅಗಲ ಅಳೆದರೂ ಆಯಿತು, ಹಿಂದೆ ಅದೇ ಬ್ಲೇಡಿನಲ್ಲಿ ಕೊಯ್ದ ತುಂಡಿನ ಸೀಳನ್ನು ಅಳೆದರೆ ಇನ್ನೂ ಒಳ್ಳೇದು.
3. ನೈಫಿನ ದಪ್ಪ. ಎಷ್ಟೋ ನೈಫ್‌ಗಳ ಮೇಲೆ ಕೊರೆದಿರತ್ತೆ. ಆದರೂ ಅಳೆಯಿರಿ.

ನಿಯಮ ಸರಳ: ನೈಫು ತಟ್ಟೆಗಿಂತ ದಪ್ಪ ಇರಬೇಕು, ಸೀಳಿಗಿಂತ ತೆಳು ಇರಬೇಕು.

ಒಂದು ಉದಾಹರಣೆ ಹಿಡಿದುಕೊಂಡೇ ಮುಂದೆ ಹೋಗೋಣ. ತಟ್ಟೆ 2.2 ಮಿ.ಮೀ., ಸೀಳು 3.2 ಮಿ.ಮೀ., ನೈಫು 2.5 ಮಿ.ಮೀ. ಈ ಜೋಡಿ ಸರಿಯಿದೆ. ಈಗ ಯಾರೋ ಕಡಿಮೆ ಶಕ್ತಿಯ ಮೋಟಾರಿಗೆ ಹಗುರ ಆಗಲಿ ಅಂತ ತೆಳು ಬ್ಲೇಡ್ ಹಾಕಿದರು ಅನ್ನಿ: ತಟ್ಟೆ 1.8, ಸೀಳು 2.4. ಅದೇ 2.5ರ ನೈಫು ಈಗ ಸೀಳಿಗಿಂತ ದಪ್ಪ. ಮರ ಅಲ್ಲಿಗೆ ಬಂದು ನಿಲ್ಲತ್ತೆ. ನಿಂತ ಮರವನ್ನು ನಾವು ಇನ್ನೂ ಜೋರಾಗಿ ನೂಕುತ್ತೇವೆ, ಅದೂ ತಿರುಗುತ್ತಿರುವ ಬ್ಲೇಡಿನ ಹತ್ತಿರ. ಇದಕ್ಕೆ ಅಲೈನ್‌ಮೆಂಟ್ ಮದ್ದಲ್ಲ. ಬ್ಲೇಡ್ ಬದಲಿಸಬೇಕು, ಇಲ್ಲಾ ಅದಕ್ಕೆ ಹೊಂದುವ ನೈಫ್ ತರಬೇಕು.

ಉಲ್ಟಾ ತಪ್ಪು ಇದಕ್ಕಿಂತ ಕೆಟ್ಟದ್ದು, ಯಾಕಂದರೆ ಅದು ಕಾಣಲ್ಲ. 2.2ರ ತಟ್ಟೆಯ ಹಿಂದೆ 2.0ರ ನೈಫ್ ಇದ್ದರೆ ಮರ ಆರಾಮಾಗಿ ಹೋಗತ್ತೆ, ಎಲ್ಲರಿಗೂ ಖುಷಿ. ಆದರೆ ಸೀಳು ಮುಚ್ಚಿಕೊಳ್ಳುವ ದಿನ ಮರ ಮೊದಲು ಹಿಡಿಯೋದು ಬ್ಲೇಡನ್ನೇ. ನೈಫ್ ಅಲ್ಲಿ ಇದ್ದೂ ಇಲ್ಲದ ಹಾಗೆ.

ಬ್ಲೇಡು ಮತ್ತು ಫೆನ್ಸು ಮೊದಲು

ನೈಫನ್ನು ನಾವು ಬ್ಲೇಡಿಗೆ ಹೋಲಿಸಿ ಸರಿ ಮಾಡ್ತೀವಿ. ಬ್ಲೇಡೇ ಸೊಟ್ಟ ಇದ್ದರೆ ನೈಫೂ ಸೊಟ್ಟ. ಅದಕ್ಕೇ ಮೊದಲು ಬ್ಲೇಡು ಮೈಟರ್ ಸ್ಲಾಟಿಗೆ, ಅಂದರೆ ಟೇಬಲ್ ಮೇಲೆ ಉದ್ದಕ್ಕೂ ಇರುವ ಆ ಕಾಲುವೆಗೆ, ಸಮಾನಾಂತರ ಇದೆಯಾ ನೋಡಬೇಕು.

ಬ್ಲೇಡನ್ನು ಪೂರ್ತಿ ಮೇಲೆತ್ತಿ. ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಆ ಹಲ್ಲನ್ನು ಮುಂದಕ್ಕೆ ತಂದು, ಸ್ಲಾಟಿನ ಅಂಚಿನಿಂದ ಅದರ ದೂರ ಅಳೆಯಿರಿ. ಡಯಲ್ ಗೇಜ್ ಸಿಕ್ಕರೆ ಅದನ್ನು ಸ್ಲಾಟಿನಲ್ಲಿ ಜಾರುವ ಪಟ್ಟಿಗೆ ಕಟ್ಟಿ ಉಪಯೋಗಿಸಿ. ಆಮೇಲೆ ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆಯಿರಿ. ಅದೇ ಹಲ್ಲು ಯಾಕೆ? ಬ್ಲೇಡು ಚೂರು ಬಾಗಿದ್ದರೆ ಬೇರೆ ಬೇರೆ ಹಲ್ಲು ಬೇರೆ ಬೇರೆ ಜಾಗದಲ್ಲಿ ಇರತ್ತೆ. ಒಂದೇ ಹಲ್ಲನ್ನು ಎರಡೂ ಕಡೆ ಅಳೆದರೆ ಆ ದೋಷ ಎರಡರಲ್ಲೂ ಒಂದೇ ಆಗಿ ಕಳೆದುಹೋಗತ್ತೆ. ಎರಡು ಅಳತೆಗಳ ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ಸಾಕು. ಜಾಸ್ತಿ ಇದ್ದರೆ ಮ್ಯಾನ್ಯುಅಲ್ ನೋಡಿ ಟೇಬಲಿನ ಅಥವಾ ಬ್ಲೇಡ್ ಹಿಡಿದಿರುವ ಚೌಕಟ್ಟಿನ ಬೋಲ್ಟ್ ಸಡಿಲಿಸಿ ಸರಿ ಮಾಡಬೇಕು.

ಫೆನ್ಸನ್ನೂ ಅದೇ ಸ್ಲಾಟಿಗೆ ಹೋಲಿಸಿ. ಸಮಾನಾಂತರ ಇರಬೇಕು. ಹಿಂದಿನ ತುದಿ ಬ್ಲೇಡಿನಿಂದ ಕೂದಲೆಳೆಯಷ್ಟು ಆಚೆ ಹೋಗಿದ್ದರೆ ನಡೆಯತ್ತೆ, ಈಚೆ ಬಂದಿದ್ದರೆ ಮಾತ್ರ ಬೇಡವೇ ಬೇಡ. ಆಗ ಫೆನ್ಸೇ ಮರವನ್ನು ಹಿಂದಿನ ಹಲ್ಲಿಗೆ ತಳ್ಳತ್ತೆ.

ಕೊನೆಗೆ ಮೂಲೆಮಟ್ಟ ಇಟ್ಟು ಬ್ಲೇಡು ಟೇಬಲಿಗೆ 90 ಡಿಗ್ರಿ ನಿಂತಿದೆಯಾ ನೋಡಿ. ಮೂಲೆಮಟ್ಟ ಹಲ್ಲಿಗೆ ತಾಗದೆ ತಟ್ಟೆಗೆ ಮಾತ್ರ ತಾಗಲಿ.

ಆರು ಚಲನೆ, ಎರಡು ಥರದ ಶಿಸ್ತು

ಯಾವ ಗಟ್ಟಿ ವಸ್ತುವಿಗೂ ಆರು ಡಿಗ್ರಿ ಆಫ್ ಫ್ರೀಡಂ ಅಂತ ಓದಿದ್ದೇವೆ. ನೈಫಿಗೂ ಅಷ್ಟೇ. ಅದನ್ನು ಮೂರು ಮೂರಾಗಿ ಹಂಚಿದರೆ ಇಡೀ ಕೆಲಸ ಸುಲಭ ಆಗತ್ತೆ.

ಮೊದಲ ಮೂರು ಬ್ಲೇಡಿನ ಸಮತಲದೊಳಗಿನವು: ಹಿಂದೆ ಮುಂದೆ ಸರಿಯೋದು, ಮೇಲೆ ಕೆಳಗೆ ಸರಿಯೋದು, ಅದೇ ಸಮತಲದಲ್ಲಿ ತಿರುಗೋದು. ಇವಕ್ಕೆ ಮಿಲಿಮೀಟರ್ ಲೆಕ್ಕದ ಶಿಸ್ತು ಸಾಕು. ಹಲ್ಲಿಗೂ ನೈಫಿಗೂ ಅಂತರ ಸಾಮಾನ್ಯವಾಗಿ 3ರಿಂದ 8 ಮಿ.ಮೀ. ಒಳಗೆ ಇಡುತ್ತಾರೆ. ತೀರಾ ಹತ್ತಿರ ಇದ್ದರೆ ಹಲ್ಲು ತಾಗುವ ಭಯ, ತೀರಾ ದೂರ ಇದ್ದರೆ ಮರ ನೈಫ್ ತಲುಪುವ ಮುಂಚೆ ತಿರುಗಿ ಹಲ್ಲಿಗೆ ಸಿಗಬಹುದು. ನಿಮ್ಮ ಮಿಷನ್ನಿನ ಮ್ಯಾನ್ಯುಅಲ್ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ.

ಉಳಿದ ಮೂರು ಸಮತಲದ ಹೊರಗಿನವು: ಎಡ ಬಲಕ್ಕೆ ಸರಿಯೋದು, ಬಾಗಿಲಿನ ಹಾಗೆ ತಿರುಗೋದು, ಗೋಡೆ ವಾಲಿದ ಹಾಗೆ ವಾಲೋದು. ಇವಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಶಿಸ್ತು ಬೇಕು. ಎಷ್ಟು ಅಂತ ನಮ್ಮ ಉದಾಹರಣೆಯಿಂದಲೇ ತೆಗೆಯಬಹುದು.

ಸೀಳು 3.2, ತಟ್ಟೆ 2.2. ಅಂದರೆ ಹಲ್ಲು ತಟ್ಟೆಯಿಂದ ಎರಡೂ ಕಡೆ 0.5 ಮಿ.ಮೀ. ಹೊರಚಾಚಿದೆ. ನೈಫು 2.5. ಸೀಳಿನ ಗೋಡೆಗೂ ನೈಫಿಗೂ ನಡುವಿನ ಅಂತರ ಎಡದಲ್ಲಿ, ಬಲದಲ್ಲಿ ಸೇರಿ ಯಾವಾಗಲೂ 0.7 ಮಿ.ಮೀ. ಸರಿಯಾಗಿ ನಡುವೆ ಇದ್ದರೆ ತಲಾ 0.35. ಈಗ ಯಾವುದೇ ಒಂದು ಕಡೆ ಅಂತರ 0.5 ದಾಟಿದರೆ ಆ ಕಡೆ ನೈಫು ತಟ್ಟೆಗಿಂತ ಒಳಗೆ ಸರಿದಿದೆ ಅಂತ ಅರ್ಥ. ಮರ ನೈಫಿಗಿಂತ ಮುಂಚೆ ಬ್ಲೇಡನ್ನು ಮುಟ್ಟತ್ತೆ. ಒಂದು ಕಡೆ 0.5 ಅಂದರೆ ಇನ್ನೊಂದು ಕಡೆ 0.2. ಹಾಗಾಗಿ ಎರಡೂ ಕಡೆ ಅಂತರ 0.2ರಿಂದ 0.5ರ ಒಳಗೇ ಇರಬೇಕು. ನಡುವಿನಿಂದ ಆಚೆಗೆ 0.15, ಈಚೆಗೆ 0.15 ಮಾತ್ರ ಜಾಗ.

0.15 ಮಿ.ಮೀ. ಅಂದರೆ ಎಷ್ಟು? ನಾವು ಅಸೈನ್‌ಮೆಂಟ್ ಬರೆಯುವ ಎ4 ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಒಂದೂವರೆ ಹಾಳೆಯಷ್ಟು. ನೈಫ್ ಸರಿಯಿದೆಯೋ ಇಲ್ಲವೋ ಅಂತ ಕಣ್ಣಲ್ಲೇ ನೋಡಿ ಹೇಳುವವರನ್ನು ಯಾಕೆ ನಂಬಬಾರದು ಅಂತ ಈಗ ಗೊತ್ತಾಯಿತಲ್ಲ.

ಅಳೆಯೋದು

ನೈಫನ್ನು ಮೊದಲು ಬಿಚ್ಚಿ, ಸಮತಟ್ಟಾದ ಗಾಜಿನ ಮೇಲೆ ಅಥವಾ ಮಿಷನ್ನಿನ ಟೇಬಲ್ ಮೇಲೇ ಮಲಗಿಸಿ ನೋಡಿ. ಅಲ್ಲಾಡಿದರೆ ಅದು ಬಾಗಿದೆ. ಬಾಗಿದ ನೈಫನ್ನು ಯಾವ ಸ್ಕ್ರೂ ತಿರುಗಿಸಿದರೂ ಸರಿ ಮಾಡಕ್ಕಾಗಲ್ಲ, ಹೊಸದು ಹಾಕಬೇಕು. ಸರಿಯಿದ್ದರೆ ಅದು ಕೂರುವ ಜಾಗದ ಮರದ ಪುಡಿ ಒರೆಸಿ. ಅಲ್ಲಿ ಸಿಕ್ಕಿದ ಒಂದು ಚಕ್ಕೆ ಸಾಕು, ಎಲ್ಲಾ ಅಳತೆ ಕೆಡಿಸಲು. ಮತ್ತೆ ಹಾಕಿ ಬಿಗಿಯಾಗಿ ಲಾಕ್ ಮಾಡಿ.

ಬ್ಲೇಡು ಪೂರ್ತಿ ಮೇಲಿರಲಿ. ನೇರವಾದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಟೇಬಲ್ ಮೇಲೆ ಇಟ್ಟು, ಬ್ಲೇಡಿನ ಒಂದು ಪಕ್ಕದ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಮೆತ್ತಗೆ ತಾಗಿಸಿ. ಪಟ್ಟಿ ನೈಫಿನ ಆಚೆ ತನಕ ಚಾಚಿರಲಿ. ಆ ಪಟ್ಟಿ ಈಗ ಸೀಳಿನ ಗೋಡೆ ಎಲ್ಲಿ ಬರತ್ತೆ ಅನ್ನೋದನ್ನು ತೋರಿಸತ್ತೆ. ಪಟ್ಟಿಗೂ ನೈಫಿಗೂ ನಡುವೆ ಫೀಲರ್ ಗೇಜ್ ತೂರಿಸಿ. ಇಲ್ಲದಿದ್ದರೆ ಎ4 ಹಾಳೆಗಳೇ ಸಾಕು: ನಮ್ಮ ಉದಾಹರಣೆಯಲ್ಲಿ ಮೂರು ಹಾಳೆ ಸಲೀಸಾಗಿ ಹೋಗಬೇಕು, ನಾಲ್ಕನೇದು ಬಿಗಿ ಆಗಬೇಕು.

ಇದನ್ನು ನೈಫಿನ ಎರಡು ಜಾಗದಲ್ಲಿ ಮಾಡಿ, ಬ್ಲೇಡಿನ ಹತ್ತಿರದ ಅಂಚಿನಲ್ಲಿ ಒಮ್ಮೆ, ದೂರದ ಅಂಚಿನಲ್ಲಿ ಒಮ್ಮೆ. ಆಮೇಲೆ ಪಟ್ಟಿಯನ್ನು ಬ್ಲೇಡಿನ ಇನ್ನೊಂದು ಪಕ್ಕಕ್ಕಿಟ್ಟು ಮತ್ತೆ ಎರಡು ಸಲ. ಒಟ್ಟು ನಾಲ್ಕು ಅಂಕಿ. ಕಾಗದದ ಮೇಲೆ ಬರೆದುಕೊಳ್ಳಿ. ಎಡ ಬಲ ಕೂಡಿದರೆ 0.7ರ ಆಸುಪಾಸು ಬರಬೇಕು. ಬರದಿದ್ದರೆ ಅಳತೆಯಲ್ಲೇ ತಪ್ಪಿದೆ, ಸ್ಕ್ರೂ ಮುಟ್ಟಬೇಡಿ, ಮತ್ತೆ ಅಳೆಯಿರಿ. ವಾಲಿದೆಯೇ ಅಂತ ನೋಡಲು ಮೂಲೆಮಟ್ಟವನ್ನು ನೈಫಿಗೆ ತಾಗಿಸಿ, ಬುಡದಿಂದ ತುದಿ ತನಕ ಬೆಳಕು ಇಣುಕತ್ತಾ ನೋಡಿ.

ಈ ಅಂಕಿಗಳೇ ರೋಗ ಯಾವುದು ಅಂತ ಹೇಳುತ್ತವೆ. ಎಡದಲ್ಲಿ ಎರಡೂ ಕಡಿಮೆ, ಬಲದಲ್ಲಿ ಎರಡೂ ಜಾಸ್ತಿ ಇದ್ದರೆ ನೈಫು ಪೂರ್ತಿ ಎಡಕ್ಕೆ ಸರಿದಿದೆ. ಹತ್ತಿರದ ಅಂಚಿನಲ್ಲಿ ಒಂದು, ದೂರದ ಅಂಚಿನಲ್ಲಿ ಇನ್ನೊಂದು ಬಂದರೆ ಬಾಗಿಲಿನ ಹಾಗೆ ತಿರುಗಿದೆ. 60 ಮಿ.ಮೀ. ಅಗಲದ ನೈಫಿನಲ್ಲಿ 0.3 ಮಿ.ಮೀ. ವ್ಯತ್ಯಾಸ ಬಂದರೆ ಕೋನ 0.3 ಡಿಗ್ರಿ ಕೂಡ ಇಲ್ಲ. ಆದರೂ ಮರ ಕಚ್ಚಿಕೊಳ್ಳಲು ಅಷ್ಟು ಸಾಕು.

ತಿರುಗಿಸೋದು

ಬಹಳಷ್ಟು ಮಿಷನ್‌ಗಳಲ್ಲಿ ನೈಫು ಒಂದು ಸಣ್ಣ ಕಬ್ಬಿಣದ ಬ್ಲಾಕಿನಲ್ಲಿ ಕೂತಿರತ್ತೆ. ಥ್ರೋಟ್ ಪ್ಲೇಟ್, ಅಂದರೆ ಬ್ಲೇಡಿನ ಸುತ್ತಲಿನ ಮುಚ್ಚಳ ತೆಗೆದರೆ ಅದು ಕಾಣತ್ತೆ. ಬ್ಲಾಕನ್ನು ಎರಡು ಬೋಲ್ಟ್ ಹಿಡಿದಿರತ್ತೆ, ಅದರ ಮೂಲೆಗಳಲ್ಲಿ ಮೂರೋ ನಾಲ್ಕೋ ಗ್ರಬ್ ಸ್ಕ್ರೂ ಇರತ್ತೆ. ಬೋಲ್ಟ್ ಎಳೆಯತ್ತೆ, ಗ್ರಬ್ ಸ್ಕ್ರೂ ತಳ್ಳತ್ತೆ. ಈ ಎಳೆದಾಟದಲ್ಲಿ ಬ್ಲಾಕ್ ಎಲ್ಲಿ ನಿಲ್ಲತ್ತೋ ಅದೇ ನೈಫಿನ ಜಾಗ.

ನಾಲ್ಕು ಗ್ರಬ್ ಸ್ಕ್ರೂ ಇದ್ದರೆ ಲೆಕ್ಕ ಹೀಗೆ: ನಾಲ್ಕನ್ನೂ ಸಮವಾಗಿ ತಿರುಗಿಸಿದರೆ ನೈಫು ಪಕ್ಕಕ್ಕೆ ಸರಿಯತ್ತೆ. ಮುಂದಿನ ಎರಡನ್ನು ಮಾತ್ರ, ಅಥವಾ ಹಿಂದಿನ ಎರಡನ್ನು ಮಾತ್ರ ತಿರುಗಿಸಿದರೆ ಬಾಗಿಲಿನ ಹಾಗೆ ತಿರುಗತ್ತೆ. ಮೇಲಿನ ಎರಡು ಅಥವಾ ಕೆಳಗಿನ ಎರಡು ತಿರುಗಿಸಿದರೆ ವಾಲತ್ತೆ. ಸಮತಲದ ಹೊರಗಿನ ಮೂರು ಚಲನೆಗೆ ಮೂರು ಉಪಾಯ. ಮೊದಲು ವಾಲಿದ್ದನ್ನು ನೆಟ್ಟಗೆ ಮಾಡಿ, ಆಮೇಲೆ ತಿರುಗಿದ್ದನ್ನು, ಕೊನೆಗೆ ಪಕ್ಕದ ಸರಿತವನ್ನು. ಈ ಕ್ರಮ ತಪ್ಪಿಸಿದರೆ ಒಂದು ಸರಿ ಮಾಡುವಾಗ ಇನ್ನೊಂದು ಕೆಡುತ್ತಾ ಹೋಗತ್ತೆ.

ಎಷ್ಟು ತಿರುಗಿಸಬೇಕು ಅನ್ನೋದಕ್ಕೂ ಊಹೆ ಬೇಡ. ಎಂ5 ಸ್ಕ್ರೂನ ಪಿಚ್ 0.8 ಮಿ.ಮೀ. ಕಾಲು ಸುತ್ತು ಅಂದರೆ 0.2 ಮಿ.ಮೀ. ಎಂ6 ಆದರೆ ಪಿಚ್ 1 ಮಿ.ಮೀ., ಕಾಲು ಸುತ್ತಿಗೆ 0.25. ವಾಲನ್ನು ಸರಿ ಮಾಡುವಾಗ ಮಾತ್ರ ಲಿವರ್ ನೆನಪಿರಲಿ: ಮೇಲಿನ ಕೆಳಗಿನ ಸ್ಕ್ರೂಗಳ ನಡುವೆ 40 ಮಿ.ಮೀ., ಅಲ್ಲಿಂದ ನೈಫಿನ ತುದಿಗೆ 120 ಮಿ.ಮೀ. ಇದ್ದರೆ, ಸ್ಕ್ರೂನಲ್ಲಿ ಆದ 0.1 ತುದಿಯಲ್ಲಿ 0.3 ಆಗತ್ತೆ. ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟೇ ತಿರುಗಿಸಿ ನೋಡಿ.

ಕೆಲವು ಸಣ್ಣ ಮಿಷನ್‌ಗಳಲ್ಲಿ ಗ್ರಬ್ ಸ್ಕ್ರೂ ಇರಲ್ಲ. ಅಲ್ಲಿ ಬ್ಲಾಕಿನ ಹಿಂದೆ ತೆಳು ಹಿತ್ತಾಳೆ ಅಥವಾ ಉಕ್ಕಿನ ಶಿಮ್ ಇಟ್ಟು ಸರಿಸಬೇಕು. ಕಾಗದವನ್ನು ಅಳೆಯಲು ಬಳಸಿ, ಶಿಮ್ ಆಗಿ ಬೇಡ; ಒತ್ತಡಕ್ಕೆ ಅಮುಕಿಕೊಂಡು ನಾಳೆ ಅಳತೆ ಬದಲಾಗತ್ತೆ.

ಬೋಲ್ಟನ್ನು ಕೊನೆಯದಾಗಿ ಬಿಗಿ ಮಾಡುವಾಗ ಬ್ಲಾಕ್ ಮತ್ತೆ ಚೂರು ಸರಿಯೋದು ಮಾಮೂಲಿ. ಬಿಗಿ ಮಾಡಿದ ಮೇಲಿನ ಅಳತೆ ಮಾತ್ರ ಲೆಕ್ಕಕ್ಕೆ.

ಪರೀಕ್ಷೆ

ಎಲ್ಲಾ ಮುಗಿದ ಮೇಲೆ ಪ್ಲಗ್ ಹಾಕುವ ಮುಂಚೆ ಬ್ಲೇಡನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಎಲ್ಲೂ ತಾಗಬಾರದು. ಬ್ಲೇಡನ್ನು ಪೂರ್ತಿ ಇಳಿಸಿ, ಏರಿಸಿ, 45 ಡಿಗ್ರಿ ವಾಲಿಸಿ ಪ್ರತಿ ಸಲವೂ ತಿರುಗಿಸಿ ನೋಡಿ. ಥ್ರೋಟ್ ಪ್ಲೇಟ್ ಮತ್ತೆ ಕೂರಿಸಿ.

ಈಗ ಕೊಯ್ದು ನೋಡುವ ಸಮಯ. ಕನ್ನಡಕ ಹಾಕಿಕೊಳ್ಳಿ, ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ, ನೂಕಲು ಪುಶ್ ಸ್ಟಿಕ್ ಇರಲಿ. ಒಳಒತ್ತಡ ಇಲ್ಲದ ಎಂಡಿಎಫ್ ತುಂಡು ತೆಗೆದುಕೊಂಡು, ನೈಫ್ ದಾಟುವಷ್ಟು ಉದ್ದ ಕೊಯ್ದು, ಮರವನ್ನು ಅಲ್ಲೇ ಅಲುಗಾಡದ ಹಾಗೆ ಹಿಡಿದು ಮಿಷನ್ ಆಫ್ ಮಾಡಿ. ಬ್ಲೇಡು ಪೂರ್ತಿ ನಿಲ್ಲುವ ತನಕ ಕಾಯಿರಿ. ಪ್ಲಗ್ ಕಿತ್ತು ನೋಡಿ: ನೈಫು ಸೀಳಿನ ನಡುವೆ ನಿಂತಿರಬೇಕು, ಎರಡೂ ಪಕ್ಕ ಸಮನಾಗಿ ಕಾಗದ ತೂರಬೇಕು. ನೈಫಿನ ಮೇಲೆ ಒಂದೇ ಪಕ್ಕಕ್ಕೆ ಉಜ್ಜಿದ ಹೊಳಪು ಕಂಡರೆ ಆ ಕಡೆ ಇನ್ನೂ ಹತ್ತಿರ ಇದೆ ಅಂತ ಅರ್ಥ.

ಬೆಣೆ ಇಲ್ಲದ ಮಿಷನ್ನು

ಸೈಟ್ ಕೆಲಸದಲ್ಲಿ ನಾವೆಲ್ಲಾ ನೋಡಿರುವ ಒಂದು ಏರ್ಪಾಡಿದೆ: ಕೈಯಲ್ಲಿ ಹಿಡಿಯುವ ಕಟರ್ ಮಿಷನ್ನನ್ನು ತಲೆಕೆಳಗು ಮಾಡಿ ಪ್ಲೈವುಡ್ ಟೇಬಲಿನ ಅಡಿಗೆ ಕಟ್ಟಿರೋದು. ಕಡಿಮೆ ಖರ್ಚು, ಕೆಲಸ ಆಗತ್ತೆ, ಅದನ್ನು ಮಾಡಿದವರ ಕೈಚಳಕವೂ ದೊಡ್ಡದು. ಆದರೆ ಅದರಲ್ಲಿ ಸಾಮಾನ್ಯವಾಗಿ ಬೆಣೆ ಇರಲ್ಲ, ಗಾರ್ಡ್ ಇರಲ್ಲ, ಎಷ್ಟೋ ಸಲ ಕೈಗೆ ಸಿಗುವ ಸ್ವಿಚ್ಚೂ ಇರಲ್ಲ. ಪ್ರಾಜೆಕ್ಟಿಗೆ ಅಂತ ಅದರ ಮೇಲೆ ಮರವನ್ನು ಉದ್ದಕ್ಕೆ ಸೀಳಲು ಹೋಗಬೇಡಿ. ಉದ್ದದ ಸೀಳಿಗೆ ನೈಫ್ ಇರುವ ಮಿಷನ್ನಿಗೆ ಹೋಗಿ, ಅಥವಾ ಮರದ ಅಂಗಡಿಯಲ್ಲೇ ಅಳತೆ ಕೊಟ್ಟು ಕೊಯ್ಸಿಕೊಂಡು ಬನ್ನಿ.

ನೈಫ್ ಕೂರಿಸಲು ಜಾಗವೇ ಇಲ್ಲದ ಹಳೇ ಟೇಬಲ್ ಸಾ ಇದ್ದರೆ, ಮರದಲ್ಲೇ ಮಾಡಿದ ಥ್ರೋಟ್ ಪ್ಲೇಟಿನ ಸೀಳನ್ನು ಹಿಂದಕ್ಕೆ ಉದ್ದ ಮಾಡಿ, ಅದರಲ್ಲಿ ಗಟ್ಟಿ ಮರದ ತೆಳು ಪಟ್ಟಿ ಅಂಟಿಸುವ ಪದ್ಧತಿ ಇದೆ. ಅದು ಬ್ಲೇಡಿನ ಜೊತೆ ಏರಿಳಿಯಲ್ಲ, ವಾಲಿಸಿದ ಕೊಯ್ತಕ್ಕೆ ಬರಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ದಪ್ಪದ ನಿಯಮ ಅದಕ್ಕೂ ಅದೇ.

ಇನ್ನೊಂದು ಮಾತು. ಚರ್ಮ ತಾಗಿದ ಕೂಡಲೇ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುವ ಸಾಸ್ಟಾಪ್ ಥರದ ಮಿಷನ್‌ಗಳ ವಿಡಿಯೋ ನೋಡಿರುತ್ತೀರಿ. ಅದು ಬೆರಳನ್ನು ಉಳಿಸತ್ತೆ, ನಿಜ. ಆದರೆ ಹಾರಿ ಬರುವ ಹಲಗೆಯನ್ನು ಅದು ತಡೆಯಲ್ಲ. ಅದಕ್ಕೇ ಅಂಥ ಮಿಷನ್‌ನಲ್ಲೂ ರೈವಿಂಗ್ ನೈಫ್ ಇದ್ದೇ ಇರತ್ತೆ.

ಗೋಡೆಗೊಂದು ಚೀಟಿ

ಈ ಅಲೈನ್‌ಮೆಂಟ್ ಒಂದು ಸಲ ಮಾಡಿದರೆ ಜನ್ಮಕ್ಕಾಯಿತು ಅಂತಲ್ಲ. ಬ್ಲೇಡ್ ಬದಲಿಸಿದಾಗ, ಮಿಷನ್ ಜಾಗ ಬದಲಿಸಿದಾಗ, ಒಂದು ಸಲ ಮರ ಜೋರಾಗಿ ಕಚ್ಚಿಕೊಂಡಾಗ, ಸೆಮಿಸ್ಟರ್ ಶುರುವಿನಲ್ಲಿ ಮತ್ತೆ ನೋಡಬೇಕು. ಪ್ರತಿ ಬ್ಯಾಚೂ ಮೊದಲಿಂದ ಶುರು ಮಾಡೋದು ಬೇಡ ಅಂತಿದ್ದರೆ ಮಿಷನ್ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ. ಅದರಲ್ಲಿ ಆರು ಸಾಲು ಸಾಕು: ತಟ್ಟೆ ಎಷ್ಟು, ಸೀಳು ಎಷ್ಟು, ನೈಫು ಎಷ್ಟು, ಎಡ ಬಲದ ಅಂತರ ಎಷ್ಟು, ನೋಡಿದ ದಿನಾಂಕ, ನೋಡಿದವರ ಹೆಸರು.

ಮುಂದಿನ ವರ್ಷ ಬರುವ ಜೂನಿಯರ್ ಆ ಚೀಟಿ ಓದಿ, ವರ್ನಿಯರ್ ಹಿಡಿದು ಹೊಸ ಬ್ಲೇಡನ್ನು ಒಂದು ಸಲ ಅಳೆದು, ನೈಫನ್ನು ಅದರ ಜಾಗದಲ್ಲೇ ಬಿಟ್ಟು ಕೆಲಸ ಶುರು ಮಾಡಿದರೆ ಸಾಕು.